ಬೋರ್ಡು ಬದಲಾಯಿತು, ಬಂಕು ಅದೇ

ಆಸ್ಟ್ರೇಲಿಯಾದಲ್ಲಿ ಕಳೆದ ಐದಾರು ವರ್ಷಗಳಲ್ಲಿ ಪೆಟ್ರೋಲ್ ಬಂಕುಗಳ ಬೋರ್ಡು ಬದಲಾದ ರೀತಿ ನೋಡಿದರೆ ಯಾರಿಗಾದರೂ ಗೊಂದಲ ಆಗುತ್ತದೆ. ಕ್ಯಾಲ್‌ಟೆಕ್ಸ್ ಇದ್ದದ್ದು ಆಂಪೋಲ್ ಆಯಿತು. ಪ್ಯೂಮಾ ಇದ್ದದ್ದು ಕ್ಯಾಲ್‌ಟೆಕ್ಸ್ ಆಯಿತು. ವೂಲ್ವರ್ತ್ಸ್ ಅನ್ನೋ ಸೂಪರ್‌ಮಾರ್ಕೆಟ್‌ನವರ ಬಂಕುಗಳು ಇಜಿ ಅನ್ನೋ ಇಂಗ್ಲೆಂಡಿನ ಕಂಪನಿಯ ಕೈಗೆ ಹೋದವು, ಆಮೇಲೆ ಅವುಗಳ ಮೇಲೂ ಆಂಪೋಲ್ ಬೋರ್ಡು ಬಂತು. ಇನ್ನೊಂದು ಸೂಪರ್‌ಮಾರ್ಕೆಟ್ ಆದ ಕೋಲ್ಸ್‌ನವರ ಕೋಲ್ಸ್ ಎಕ್ಸ್‌ಪ್ರೆಸ್ ಇದ್ದದ್ದು ರೆಡ್ಡಿ ಎಕ್ಸ್‌ಪ್ರೆಸ್ ಆಯಿತು. ಆ ಹೆಸರು ನೋಡಿ ನಮ್ಮ ಕಡೆಯವರು ಯಾರೋ ಶುರು ಮಾಡಿದ್ದಾರೆ ಅಂದುಕೊಳ್ಳಬೇಡಿ, ಅದರ ಮಾಲೀಕರು ವಿವಾ ಎನರ್ಜಿ.

ನನಗೆ ಈ ವಿಷಯದಲ್ಲಿ ನಿಜವಾಗಿಯೂ ಆಸಕ್ತಿ ಇದೆ. ತಿಂಗಳ ಸಂಬಳದಲ್ಲಿ ಬಾಡಿಗೆ ಅಥವಾ ಮನೆ ಸಾಲ ಬಿಟ್ಟರೆ ಜಾಸ್ತಿ ದುಡ್ಡು ಹೋಗುವುದು ಈ ಮೂರು ಕಡೆಗೇ ಅಲ್ವಾ? ದಿನಸಿ ಅಂಗಡಿ, ಬಟ್ಟೆ-ಪಾತ್ರೆ-ಆಟಿಕೆ ಎಲ್ಲ ಒಂದೇ ಸೂರಿನಡಿ ಸಸ್ತಾ ಸಿಗುವ ದೊಡ್ಡ ಅಂಗಡಿ, ಮತ್ತೆ ಪೆಟ್ರೋಲ್. ಈ ಮೂರರ ಇತಿಹಾಸ ಓದುತ್ತಾ ಹೋದಂತೆ ನನಗೆ ಒಂದು ವಿಷಯ ಖಚಿತವಾಗಿದೆ. ಬೋರ್ಡಿನ ಮೇಲಿನ ಹೆಸರು ಎಷ್ಟೇ ಹಳೆಯದಾಗಿರಲಿ, ಜನಕ್ಕೆ ಎಷ್ಟೇ ಪ್ರೀತಿ ಇರಲಿ, ಆ ಹೆಸರಿನಿಂದ ಅಂಗಡಿ ಉಳಿಯುವುದಿಲ್ಲ. ಜಾಗ ಯಾರ ಕೈಯಲ್ಲಿದೆ, ಹೆಸರಿನ ಹಕ್ಕು ಯಾರ ಹತ್ತಿರ ಇದೆ, ಒಳಗೆ ಏನು ಮಾರಬೇಕು ಅಂತ ಗಟ್ಟಿ ತೀರ್ಮಾನ ತೆಗೆದುಕೊಂಡವರು ಯಾರು, ಇವೇ ಮುಖ್ಯ.

ಆಂಪೋಲ್ ಕಥೆಯನ್ನೇ ತೆಗೆದುಕೊಳ್ಳಿ. 1936ರಲ್ಲಿ ಆಸ್ಟ್ರೇಲಿಯನ್ ಮೋಟರಿಸ್ಟ್ಸ್ ಪೆಟ್ರೋಲ್ ಕಂಪನಿ ಅಂತ ಶುರುವಾಯಿತು. ವಿದೇಶಿ ತೈಲ ಕಂಪನಿಗಳು ಇಲ್ಲಿನವರಿಂದ ಜಾಸ್ತಿ ದುಡ್ಡು ಕೀಳುತ್ತಿವೆ ಅನ್ನೋ ಸಿಟ್ಟು ಆಗ ಜನರಲ್ಲಿತ್ತು. ನಮ್ಮದೇ ಒಂದು ಕಂಪನಿ ಇರಲಿ ಅನ್ನೋ ಆಸೆಯಿಂದ ಹುಟ್ಟಿದ ಹೆಸರು ಅದು. ದಶಕಗಳ ಕಾಲ ಜನ ಅದನ್ನು ತಮ್ಮದು ಅಂತಲೇ ನೋಡಿದರು. 1995ರಲ್ಲಿ ಅದು ಕ್ಯಾಲ್‌ಟೆಕ್ಸ್ ಜೊತೆ ಸೇರಿತು. ಮುಂದೆ ಕಂಪನಿಗೆ ಕ್ಯಾಲ್‌ಟೆಕ್ಸ್ ಆಸ್ಟ್ರೇಲಿಯಾ ಅಂತ ಹೆಸರಾಯಿತು, ಆಂಪೋಲ್ ಬೋರ್ಡು ಊರೂರಲ್ಲೂ ಇಳಿಯಿತು.

ಕ್ಯಾಲ್‌ಟೆಕ್ಸ್ ಅನ್ನೋ ಹೆಸರು ಅಮೆರಿಕದ ಷೆವ್ರಾನ್ ಕಂಪನಿಯದ್ದು. ಇಲ್ಲಿನ ಕಂಪನಿಯ ಅರ್ಧ ಪಾಲು ಷೆವ್ರಾನ್ ಹತ್ತಿರವೇ ಇದ್ದಾಗ ಯಾರಿಗೂ ತೊಂದರೆ ಇರಲಿಲ್ಲ. 2015ರಲ್ಲಿ ಷೆವ್ರಾನ್ ತನ್ನ ಪಾಲು ಮಾರಿತು. ಹೆಸರು ಮಾತ್ರ ಲೈಸೆನ್ಸ್ ಮೇಲೆ ಉಳಿಯಿತು. ಬಾಡಿಗೆ ಮನೆಯಲ್ಲಿ ಎಷ್ಟು ವರ್ಷ ಇದ್ದರೂ ಓನರ್ ಬಂದು ಖಾಲಿ ಮಾಡಿ ಅಂದರೆ ಮಾಡಲೇಬೇಕು, ಇಲ್ಲೂ ಹಾಗೇ ಆಯಿತು. 2019ರ ಕೊನೆಯಲ್ಲಿ ಷೆವ್ರಾನ್ ಲೈಸೆನ್ಸ್ ಮುಗಿಸುವ ನೋಟಿಸ್ ಕೊಟ್ಟಿತು. ಆಗ ಕಂಪನಿಯವರು ತಮ್ಮದೇ ಪೆಟ್ಟಿಗೆಯಲ್ಲಿ ಮಲಗಿದ್ದ ಹಳೆ ಹೆಸರನ್ನು ಹೊರತೆಗೆದರು. 2020ರ ಮೇ ತಿಂಗಳಲ್ಲಿ ಕಂಪನಿ ಮತ್ತೆ ಆಂಪೋಲ್ ಆಯಿತು, ದೇಶದುದ್ದಕ್ಕೂ ಬೋರ್ಡು ಬದಲಾಯಿಸುವ ಕೆಲಸ ಎರಡು ವರ್ಷ ನಡೆಯಿತು. ಅತ್ತ ಷೆವ್ರಾನ್ ಸುಮ್ಮನೆ ಕೂರಲಿಲ್ಲ. ಪ್ಯೂಮಾ ಎನರ್ಜಿಯ ಆಸ್ಟ್ರೇಲಿಯಾ ವ್ಯಾಪಾರವನ್ನು ಕೊಂಡು, ಆ ಬಂಕುಗಳಿಗೆ ಕ್ಯಾಲ್‌ಟೆಕ್ಸ್ ಬೋರ್ಡು ಹಾಕಿತು. ಹಾಗಾಗಿ ಇವತ್ತು ನೀವು ನೋಡುವ ಕ್ಯಾಲ್‌ಟೆಕ್ಸ್‌ಗೂ ಹತ್ತು ವರ್ಷದ ಹಿಂದೆ ನೋಡಿದ ಕ್ಯಾಲ್‌ಟೆಕ್ಸ್‌ಗೂ ಹೆಸರು ಬಿಟ್ಟರೆ ಹೆಚ್ಚು ಸಂಬಂಧ ಇಲ್ಲ. ಮೊದಲಿನ ಕ್ಯಾಲ್‌ಟೆಕ್ಸ್ ಬಂಕು ಈಗ ಆಂಪೋಲ್ ಬೋರ್ಡಿನ ಕೆಳಗೆ ಇದೆ.

ಶೆಲ್ ಕೂಡ ಹಾಗೇ. ಶೆಲ್ ತನ್ನ ಇಲ್ಲಿನ ಬಂಕು ಮತ್ತು ಜೀಲಾಂಗ್ ರಿಫೈನರಿಯನ್ನು 2014ರಲ್ಲೇ ವಿಟಾಲ್ ಅನ್ನೋ ತೈಲ ವ್ಯಾಪಾರದ ಕಂಪನಿಗೆ ಮಾರಿತು, ಅದೇ ವಿವಾ ಎನರ್ಜಿ. ಹಳದಿ ಚಿಪ್ಪಿನ ಗುರುತು ಲೈಸೆನ್ಸ್ ಮೇಲೆ ನಡೆಯುತ್ತಿದೆ. ಮೋಬಿಲ್ 2010ರಲ್ಲಿ ತನ್ನ ಬಂಕುಗಳನ್ನು ಸೆವೆನ್-ಇಲೆವೆನ್‌ಗೆ ಕೊಟ್ಟಿತು. ಇನ್ನೂ ಹಿಂದಕ್ಕೆ ಹೋದರೆ ಗೋಲ್ಡನ್ ಫ್ಲೀಸ್ ಅಂತ ಒಂದಿತ್ತು. ಕುರಿ ಸಾಕಣೆಯ ದೇಶಕ್ಕೆ ತಕ್ಕ ಹಾಗೆ ಅದರ ಗುರುತು ಮೆರಿನೋ ಟಗರು. 1981ರಲ್ಲಿ ಅದನ್ನು ಕ್ಯಾಲ್‌ಟೆಕ್ಸ್ ಕೊಂಡಿತು, ಟಗರು ರಸ್ತೆಯಿಂದ ಮರೆಯಾಯಿತು. ಈಗ ಆ ಹಳೆ ಬೋರ್ಡುಗಳನ್ನು ಜನ ಸಂಗ್ರಹಕ್ಕೆ ಅಂತ ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಇನ್ನು ಸೂಪರ್‌ಮಾರ್ಕೆಟ್‌ನವರು ಪೆಟ್ರೋಲ್ ಮಾರಲು ಬಂದದ್ದು ಯಾಕೆ, ಬಿಟ್ಟು ಹೋದದ್ದು ಯಾಕೆ? ವೂಲ್ವರ್ತ್ಸ್ ಮೊದಲ ಬಂಕು ತೆರೆದದ್ದು 1996ರಲ್ಲಿ, ನ್ಯೂ ಸೌತ್ ವೇಲ್ಸ್‌ನ ಡಬ್ಬೋ ಅನ್ನೋ ಊರಲ್ಲಿ. ಅಂಗಡಿಯಲ್ಲಿ ಇಂತಿಷ್ಟು ಸಾಮಾನು ಕೊಂಡರೆ ಬಿಲ್ಲಿನ ಕೆಳಗೆ ಒಂದು ಕೂಪನ್, ಅದನ್ನು ಬಂಕಿನಲ್ಲಿ ತೋರಿಸಿದರೆ ಲೀಟರಿಗೆ 4 ಸೆಂಟ್ ಕಡಿಮೆ. ಇದು ಎಷ್ಟು ಚೆನ್ನಾಗಿ ನಡೆಯಿತು ಅಂದರೆ 2003ರಲ್ಲಿ ಕೋಲ್ಸ್ ಕೂಡ ಶೆಲ್ ಜೊತೆ ಒಪ್ಪಂದ ಮಾಡಿಕೊಂಡು ಕೋಲ್ಸ್ ಎಕ್ಸ್‌ಪ್ರೆಸ್ ಶುರು ಮಾಡಿತು. ಜನ ಬಿಲ್ಲನ್ನು ಪರ್ಸಿನಲ್ಲಿ ಜೋಪಾನ ಮಾಡಿ ಇಟ್ಟುಕೊಳ್ಳುತ್ತಿದ್ದ ಕಾಲ ಅದು. ಸ್ಪರ್ಧೆ ಏರಿ ಏರಿ ರಿಯಾಯಿತಿ 4 ಸೆಂಟಿನಿಂದ ತುಂಬಾ ಮೇಲೆ ಹೋಯಿತು. ದೊಡ್ಡ ರಿಯಾಯಿತಿ ಕೇಳಲು ಚೆನ್ನ. ಆದರೆ ಸ್ವಂತದ ಸಣ್ಣ ಬಂಕು ನಡೆಸುವವನಿಗೆ ಹಿಂದೆ ಸೂಪರ್‌ಮಾರ್ಕೆಟ್ ಇಲ್ಲ. ದಿನಸಿಯಲ್ಲಿ ಬಂದ ಲಾಭದಿಂದ ಪೆಟ್ರೋಲಿನ ನಷ್ಟ ತುಂಬಿಕೊಳ್ಳಲು ಅವನಿಗೆ ಆಗುವುದಿಲ್ಲ. ಕೊನೆಗೆ ಇಲ್ಲಿನ ಸ್ಪರ್ಧಾ ಆಯೋಗ ಎಸಿಸಿಸಿ ಮಧ್ಯೆ ಬಂತು. 2014ರ ಜನವರಿಯಿಂದ ಸೂಪರ್‌ಮಾರ್ಕೆಟ್ ಹಣದಿಂದ ಕೊಡುವ ರಿಯಾಯಿತಿ ಲೀಟರಿಗೆ 4 ಸೆಂಟ್ ಮೀರುವುದಿಲ್ಲ ಅಂತ ಇಬ್ಬರೂ ಬರೆದುಕೊಟ್ಟರು.

ಅಲ್ಲಿಂದ ಮುಂದೆ ಪೆಟ್ರೋಲ್ ಅವರಿಗೆ ಆಕರ್ಷಣೆ ಕಳೆದುಕೊಂಡಿತು. ವೂಲ್ವರ್ತ್ಸ್ ತನ್ನ ಬಂಕುಗಳನ್ನು ಬಿಪಿಗೆ ಮಾರಲು ಹೊರಟಿತು, ಎಸಿಸಿಸಿ 2017ರಲ್ಲಿ ಬೇಡ ಅಂದಿತು. ನನಗೆ ಅದು ಸರಿಯಾದ ತೀರ್ಮಾನ ಅನಿಸುತ್ತದೆ. ಬೆಲೆ ಇಳಿಸಿ ಮಾರುತ್ತಿದ್ದ ಒಬ್ಬ ವ್ಯಾಪಾರಿಯನ್ನು ಬೆಲೆ ಜಾಸ್ತಿ ಇಡುವ ದೊಡ್ಡ ಕಂಪನಿ ನುಂಗಿದರೆ ಪಂಪಿನ ಎದುರು ನಿಂತವನಿಗೆ ಏನು ಸಿಗುತ್ತದೆ? ಆಮೇಲೆ 2019ರಲ್ಲಿ ಇಜಿ ಗ್ರೂಪ್ 172 ಕೋಟಿ ಡಾಲರಿಗೂ ಜಾಸ್ತಿ ಕೊಟ್ಟು ಕೊಂಡಿತು. ಕೋಲ್ಸ್ ತನ್ನ 700ಕ್ಕೂ ಹೆಚ್ಚು ಎಕ್ಸ್‌ಪ್ರೆಸ್ ಅಂಗಡಿಗಳನ್ನು 2023ರಲ್ಲಿ ವಿವಾ ಎನರ್ಜಿಗೆ 30 ಕೋಟಿ ಡಾಲರಿಗೆ ಬಿಟ್ಟುಕೊಟ್ಟಿತು. ಎರಡು ಅಂಕಿಗಳ ಅಂತರ ನೋಡಿ ಆಶ್ಚರ್ಯ ಪಡಬೇಡಿ. ಕೋಲ್ಸ್ ಎಕ್ಸ್‌ಪ್ರೆಸ್‌ನಲ್ಲಿ ಪೆಟ್ರೋಲಿನ ಬೆಲೆ ನಿರ್ಧರಿಸುತ್ತಿದ್ದದ್ದು ಆಗಲೇ ವಿವಾ. ಕೋಲ್ಸ್ ಮಾರಿದ್ದು ಹೆಚ್ಚು ಕಡಿಮೆ ಬಂಕಿನ ಒಳಗಿನ ಅಂಗಡಿಯ ವ್ಯಾಪಾರವನ್ನು. ಇದಾದ ಮೇಲೆ ವಿವಾ ದಕ್ಷಿಣ ಆಸ್ಟ್ರೇಲಿಯಾದ ಓಟಿಆರ್ ಗುಂಪನ್ನೂ ಕೊಂಡಿತು. ಅಡಿಲೇಡ್ ಜನಕ್ಕೆ ಓಟಿಆರ್ ಅಂದರೆ ರಾತ್ರಿ ಎಷ್ಟು ಹೊತ್ತಿಗೂ ತಿನ್ನಲು ಏನಾದರೂ ಸಿಗುವ ಜಾಗ. ಇನ್ನು ಮುಂದೆ ಬಂಕಿನ ಲಾಭ ಪೆಟ್ರೋಲಿನಿಂದಲ್ಲ, ಒಳಗಿನ ಕಾಫಿ ಮತ್ತು ಬಿಸಿ ತಿಂಡಿಯಿಂದ ಅಂತ ವಿವಾ ಲೆಕ್ಕ ಹಾಕಿದಂತಿದೆ. ಅದಕ್ಕೇ ರೆಡ್ಡಿ ಬೋರ್ಡುಗಳೂ ಒಂದೊಂದಾಗಿ ಓಟಿಆರ್ ಆಗುತ್ತಿವೆ.

ಈಗ ನನಗೆ ಅತಿ ಇಷ್ಟವಾದ ಭಾಗಕ್ಕೆ ಬರುತ್ತೇನೆ, ಕೆ-ಮಾರ್ಟ್ ಮತ್ತು ಟಾರ್ಗೆಟ್. ಎರಡಕ್ಕೂ ಅಮೆರಿಕದ ಹೆಸರು. ಮೊದಲ ಕೆ-ಮಾರ್ಟ್ 1969ರಲ್ಲಿ ಮೆಲ್ಬರ್ನ್‌ನ ಬರ್ವುಡ್ ಈಸ್ಟ್‌ನಲ್ಲಿ ಶುರುವಾಯಿತು. ಕೋಲ್ಸ್ ಮತ್ತು ಅಮೆರಿಕದ ಕ್ರೆಸ್ಗಿ ಕಂಪನಿ ಸೇರಿ ಮಾಡಿದ್ದು, ಆಮೇಲೆ ಪೂರ್ತಿ ಕೋಲ್ಸ್ ಕೈಗೆ ಬಂತು. ಟಾರ್ಗೆಟ್ ಹುಟ್ಟಿದ್ದು ಜೀಲಾಂಗ್‌ನಲ್ಲಿ, 1926ರ ಒಂದು ಬಟ್ಟೆ ಅಂಗಡಿಯಾಗಿ. ಮಾಯರ್ ಕಂಪನಿ 1968ರಲ್ಲಿ ಅದನ್ನು ಕೊಂಡು ಟಾರ್ಗೆಟ್ ಅಂತ ಮಾಡಿತು. ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ದೊಡ್ಡ ಆಫೀಸ್ ಇದೆಯಲ್ಲ, ಆ ಟಾರ್ಗೆಟ್ ಅಮೆರಿಕದ್ದು. ಕೆಂಪು ವೃತ್ತದ ಗುರುತು ಒಂದೇ ಇದ್ದರೂ ಮಾಲೀಕರು ಬೇರೆ. 1985ರಲ್ಲಿ ಕೋಲ್ಸ್ ಮತ್ತು ಮಾಯರ್ ಒಂದಾದವು. ಹಾಗಾಗಿ ಎದುರಾಳಿಗಳಾಗಿದ್ದ ಎರಡು ಅಂಗಡಿಗಳು ಒಂದೇ ಮನೆಯವಾದವು. 2007ರಲ್ಲಿ ಪರ್ತ್‌ನ ವೆಸ್‌ಫಾರ್ಮರ್ಸ್ ಈ ಎರಡೂ ಅಂಗಡಿಗಳ ಸಮೇತ ಕೋಲ್ಸ್ ಗುಂಪನ್ನು ಕೊಂಡಿತು. ವೆಸ್‌ಫಾರ್ಮರ್ಸ್ ಅಂದರೆ 1914ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ರೈತರು ಕಟ್ಟಿಕೊಂಡ ಸಹಕಾರ ಸಂಘ. ಸಹಕಾರ ಸಂಘವಾಗಿ ಹುಟ್ಟಿದ್ದು ದೇಶದ ಅತಿ ದೊಡ್ಡ ಚಿಲ್ಲರೆ ವ್ಯಾಪಾರದ ಕಂಪನಿಗಳಲ್ಲಿ ಒಂದಾಗಿ ಬೆಳೆದದ್ದು ನನಗೆ ಈಗಲೂ ಬೆರಗು.

ಆಗ ಟಾರ್ಗೆಟ್ ಒಳ್ಳೆ ಅಂಗಡಿ ಅಂತ ಹೆಸರಿತ್ತು. ಬಟ್ಟೆ ಬಾಳಿಕೆ ಬರುತ್ತದೆ, ಬೆಲೆ ಸ್ವಲ್ಪ ಜಾಸ್ತಿ, ಪರವಾಗಿಲ್ಲ ಅಂತ ಜನ ಹೋಗುತ್ತಿದ್ದರು. ಕೆ-ಮಾರ್ಟ್ ಪಾಡು ಕೆಟ್ಟಿತ್ತು. ಕಪಾಟು ತುಂಬಾ ಏನೇನೋ ಸಾಮಾನು, ವರ್ಷವಿಡೀ ಸೇಲ್, ಸೇಲ್ ಇಲ್ಲದ ದಿನ ಯಾರೂ ಬರುವುದಿಲ್ಲ. 2008ರಲ್ಲಿ ಗೈ ರುಸ್ಸೋ ಬಂದರು. ಅದಕ್ಕೆ ಮೊದಲು ಆಸ್ಟ್ರೇಲಿಯಾದ ಮೆಕ್‌ಡೊನಾಲ್ಡ್ಸ್ ನಡೆಸಿದ್ದವರು, ಬಟ್ಟೆ ವ್ಯಾಪಾರದವರಲ್ಲ. ಅವರು ಸೇಲ್ ನಿಲ್ಲಿಸಿದರು. ಎಲ್ಲ ದಿನವೂ ಒಂದೇ ಕಡಿಮೆ ಬೆಲೆ. ಸಾಮಾನಿನ ಬಗೆಗಳನ್ನು ಕತ್ತರಿಸಿದರು, ಬೇರೆ ಬ್ರ್ಯಾಂಡುಗಳನ್ನು ಬಹುಮಟ್ಟಿಗೆ ತೆಗೆದು ಕಾರ್ಖಾನೆಗಳಿಂದ ನೇರವಾಗಿ ದೊಡ್ಡ ಪ್ರಮಾಣದಲ್ಲಿ ತರಿಸಿದರು. ಬಿಲ್ ಕೌಂಟರನ್ನೂ ಬಾಗಿಲ ಹತ್ತಿರದಿಂದ ಎತ್ತಿ ಅಂಗಡಿಯ ನಡುವೆ ಇಟ್ಟರು. ಕೆಲವು ವರ್ಷಗಳಲ್ಲೇ ಕೆ-ಮಾರ್ಟ್‌ಗೆ ಹೋಗುವುದು ಜನಕ್ಕೆ ಮುಜುಗರದ ವಿಷಯ ಆಗಿ ಉಳಿಯಲಿಲ್ಲ. ಅಲ್ಲಿ ಕೊಂಡ ಸಣ್ಣ ಟೇಬಲ್ಲು, ಬುಟ್ಟಿ, ದೀಪಗಳ ಫೋಟೋ ಹಾಕಿ ಮನೆ ಅಲಂಕಾರ ತೋರಿಸುವ ದೊಡ್ಡ ದೊಡ್ಡ ಗುಂಪುಗಳೇ ಫೇಸ್‌ಬುಕ್‌ನಲ್ಲಿ ಹುಟ್ಟಿಕೊಂಡವು. 2019ರಿಂದ ಆ ಸಾಮಾನುಗಳಿಗೆ ಆಂಕೋ ಅನ್ನೋ ಸ್ವಂತ ಹೆಸರೂ ಬಂತು.

ಟಾರ್ಗೆಟ್ ಏನು ಮಾಡಿತು? ಒಂದು ವರ್ಷ ಗುಣಮಟ್ಟ ಅಂದಿತು, ಇನ್ನೊಂದು ವರ್ಷ ಬೆಲೆ ಇಳಿಸಿತು, ಮುಖ್ಯಸ್ಥರು ಬದಲಾಗುತ್ತಾ ಹೋದರು. ಬೆಲೆ ಇಳಿಸಿದಾಗ ಅದು ಹೋಗಿ ನಿಂತದ್ದು ಕೆ-ಮಾರ್ಟ್ ಇದ್ದ ಜಾಗದಲ್ಲೇ, ತನ್ನದೇ ಮನೆಯವನ ಎದುರು. 2016ರಲ್ಲಿ ವೆಸ್‌ಫಾರ್ಮರ್ಸ್ ಟಾರ್ಗೆಟ್‌ನ ಮೌಲ್ಯವನ್ನು ಲೆಕ್ಕದ ಪುಸ್ತಕದಲ್ಲಿ 100 ಕೋಟಿ ಡಾಲರಿಗಿಂತ ಜಾಸ್ತಿ ಇಳಿಸಬೇಕಾಯಿತು. 2020ರ ಮೇ ತಿಂಗಳಲ್ಲಿ ದೊಡ್ಡ ಘೋಷಣೆ ಬಂತು. 92ರವರೆಗೆ ಟಾರ್ಗೆಟ್ ಅಂಗಡಿಗಳನ್ನು ಕೆ-ಮಾರ್ಟ್ ಮಾಡುತ್ತೇವೆ, ಇನ್ನಷ್ಟನ್ನು ಮುಚ್ಚುತ್ತೇವೆ ಅಂತ. ಇದರಲ್ಲಿ ನನಗೆ ನೋವಾಗುವುದು ಟಾರ್ಗೆಟ್ ಕಂಟ್ರಿ ಅಂಗಡಿಗಳ ಬಗ್ಗೆ. ಸಣ್ಣ ಸಣ್ಣ ಊರುಗಳಲ್ಲಿ ಇದ್ದವು ಅವು. ಹಳ್ಳಿಗಾಡಿನಲ್ಲಿ ಕೆಲಸ ಸಿಕ್ಕಿ ಹೋದ ನಮ್ಮ ಡಾಕ್ಟರು, ನರ್ಸುಗಳಿಗೆ ಗೊತ್ತಿರುತ್ತದೆ, ಮಗುವಿಗೆ ಸ್ವೆಟರ್ ಬೇಕು ಅಂದರೆ ಊರಲ್ಲಿ ಇರುವುದು ಅದೊಂದೇ ಅಂಗಡಿ. ಕೆಲವು ಊರುಗಳಿಗೆ ಕೆ-ಹಬ್ ಅನ್ನೋ ಸಣ್ಣ ಕೆ-ಮಾರ್ಟ್ ಬಂತು. ಕೆಲವಕ್ಕೆ ಏನೂ ಬರಲಿಲ್ಲ, ಮುಂದಿನ ದೊಡ್ಡ ಊರಿಗೆ ಗಂಟೆಗಟ್ಟಲೆ ಕಾರು ಓಡಿಸಬೇಕು.

ಅಮೆರಿಕದ ಕೆ-ಮಾರ್ಟ್ 2002ರಲ್ಲಿ ದಿವಾಳಿ ಅರ್ಜಿ ಹಾಕಿತು, ಆಮೇಲೆ ಕರಗುತ್ತಾ ಹೋಗಿ ಅಮೆರಿಕದ ಮುಖ್ಯ ಭೂಭಾಗದಲ್ಲಿ ಉಳಿದಿದ್ದ ಕೊನೆಯ ದೊಡ್ಡ ಅಂಗಡಿ 2024ರಲ್ಲಿ ಬಾಗಿಲು ಹಾಕಿತು. ಅದೇ ಹೆಸರಿನ ಅಂಗಡಿ ಇಲ್ಲಿ ಶನಿವಾರ ಕಾಲಿಡಲು ಜಾಗ ಇಲ್ಲದಷ್ಟು ತುಂಬಿರುತ್ತದೆ. 2017ರಲ್ಲಿ ವೆಸ್‌ಫಾರ್ಮರ್ಸ್ ಆ ಹೆಸರನ್ನು ಇಲ್ಲಿನ ಮಟ್ಟಿಗೆ ಪೂರ್ತಿ ಕೊಂಡುಕೊಂಡಿತು. ಕ್ಯಾಲ್‌ಟೆಕ್ಸ್‌ಗೆ ಆದದ್ದು ಕೆ-ಮಾರ್ಟ್‌ಗೆ ಆಗದಿರಲು ಅದೇ ಕಾರಣ.

ವೆಸ್‌ಫಾರ್ಮರ್ಸ್‌ನವರು ಕೈ ಇಟ್ಟದ್ದೆಲ್ಲ ಗೆದ್ದಿತು ಅಂತಲ್ಲ. ಅವರ ಬನಿಂಗ್ಸ್ ಇಲ್ಲಿ ಮನೆ ರಿಪೇರಿ ಸಾಮಾನಿನ ರಾಜ, ಆದರೆ ಇಂಗ್ಲೆಂಡಿಗೆ ಹೋಗಿ 34 ಕೋಟಿ ಪೌಂಡ್ ಕೊಟ್ಟು ಕೊಂಡ ಹೋಮ್‌ಬೇಸ್ ಅಂಗಡಿಗಳನ್ನು 2018ರಲ್ಲಿ 1 ಪೌಂಡಿಗೆ ಮಾರಿ ವಾಪಸ್ ಬಂದರು. ವೂಲ್ವರ್ತ್ಸ್ ಬನಿಂಗ್ಸ್‌ಗೆ ಎದುರಾಗಿ ಅಮೆರಿಕದ ಲೋಸ್ ಕಂಪನಿ ಜೊತೆ ಸೇರಿ 2011ರಲ್ಲಿ ಮಾಸ್ಟರ್ಸ್ ತೆರೆಯಿತು. ಚೆನ್ನಾಗಿರುವ ಜಾಗಗಳೆಲ್ಲ ಬನಿಂಗ್ಸ್ ಕೈಯಲ್ಲಿ ಆಗಲೇ ಇದ್ದವು. ಸಿಕ್ಕ ಕಡೆ ಅವಸರದಲ್ಲಿ ಕಟ್ಟುತ್ತಾ ಹೋದರು. 2016ರ ಡಿಸೆಂಬರ್‌ನಲ್ಲಿ ಎಲ್ಲವೂ ಬಂದ್. ಅದೇ ವೂಲ್ವರ್ತ್ಸ್‌ನ ಬಿಗ್ ಡಬ್ಲ್ಯೂ ಕೆ-ಮಾರ್ಟ್ ಮುಂದೆ ಏದುಸಿರು ಬಿಡುತ್ತಾ ನಿಂತಿದೆ, 2019ರಲ್ಲಿ ಸುಮಾರು 30 ಅಂಗಡಿ ಮುಚ್ಚುತ್ತೇವೆ ಅಂದಿತು.

ವೂಲ್ವರ್ತ್ಸ್‌ಗೂ ನಮಗೂ ಒಂದು ನಂಟಿದೆ, ತುಂಬಾ ಜನಕ್ಕೆ ಗೊತ್ತಿಲ್ಲ. 2006ರಲ್ಲಿ ಟಾಟಾದವರು ಕ್ರೋಮಾ ಶುರು ಮಾಡಿದಾಗ ಹಿಂದೆ ನಿಂತು ಮಾಲು ಪೂರೈಸುತ್ತಿದ್ದದ್ದು, ವ್ಯಾಪಾರದ ಪಾಠ ಹೇಳಿಕೊಟ್ಟದ್ದು ಆಸ್ಟ್ರೇಲಿಯಾದ ವೂಲ್ವರ್ತ್ಸ್. ಆಗ ಅವರ ಹತ್ತಿರ ಡಿಕ್ ಸ್ಮಿತ್ ಅನ್ನೋ ಎಲೆಕ್ಟ್ರಾನಿಕ್ಸ್ ಅಂಗಡಿಗಳಿದ್ದವು, ಆ ಅನುಭವ ಇತ್ತು. 2012ರಲ್ಲಿ ಎರಡನ್ನೂ ಬಿಟ್ಟರು. ಕ್ರೋಮಾಗೆ ಮಾಲು ಪೂರೈಸುವ ವ್ಯಾಪಾರ ಟಾಟಾಗೆ ಹೋಯಿತು, ಡಿಕ್ ಸ್ಮಿತ್ ಒಂದು ಹೂಡಿಕೆ ಸಂಸ್ಥೆಗೆ ಹೋಯಿತು. ಕ್ರೋಮಾ ಇವತ್ತಿಗೂ ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲಿ ಇದೆ. ಡಿಕ್ ಸ್ಮಿತ್ 2016ರ ಜನವರಿಯಲ್ಲಿ ಕುಸಿಯಿತು, ಅಂಗಡಿಗಳೆಲ್ಲ ಮುಚ್ಚಿದವು.

ದಿನಸಿ ವಿಷಯಕ್ಕೆ ಬಂದರೆ ನನ್ನ ಸಿಟ್ಟು ಇರುವುದು ಇಲ್ಲೇ. ಒಂದು ಕಾಲದಲ್ಲಿ ಸಿಡ್ನಿ ಕಡೆ ಫ್ರಾಂಕ್ಲಿನ್ಸ್ ಅಂತ ಮೂರನೆಯ ದೊಡ್ಡ ಸರಪಳಿ ಇತ್ತು. 1978ರಲ್ಲೇ ನೋ ಫ್ರಿಲ್ಸ್ ಅಂತ ಆಡಂಬರ ಇಲ್ಲದ ಪ್ಯಾಕೆಟ್‌ಗಳಲ್ಲಿ ಸಸ್ತಾ ಸಾಮಾನು ಮಾರಿತ್ತು. ಹಾಂಗ್‌ಕಾಂಗ್ ಮಾಲೀಕರು 2001ರಲ್ಲಿ ಅದನ್ನು ತುಂಡು ಮಾಡಿ ಮಾರಿದರು. ಒಂದಷ್ಟು ತುಂಡು ವೂಲ್ವರ್ತ್ಸ್‌ಗೇ ಸಿಕ್ಕಿತು. ಉಳಿದದ್ದು ಮೊದಲು ದಕ್ಷಿಣ ಆಫ್ರಿಕಾದ ಪಿಕ್ ಎನ್ ಪೇ ಕೈಗೆ, ಆಮೇಲೆ ಮೆಟ್‌ಕ್ಯಾಶ್ ಅನ್ನೋ ಸಗಟು ಕಂಪನಿ ಕೈಗೆ ಹೋಗಿ ಹೆಸರೇ ಅಳಿಸಿಹೋಯಿತು. ಅದೇ 2001ರ ಜನವರಿಯಲ್ಲಿ ಜರ್ಮನಿಯ ಆಲ್ಡಿ ಸಿಡ್ನಿಯಲ್ಲಿ ಬಾಗಿಲು ತೆರೆದದ್ದು ನಮ್ಮ ಪುಣ್ಯ. ಆಲ್ಡಿ ಬಂದ ಕಡೆ ಪಕ್ಕದ ಅಂಗಡಿಯವರೂ ಬೆಲೆ ಇಳಿಸಲೇಬೇಕಾಯಿತು. ಇನ್ನೊಂದು ಜರ್ಮನ್ ಕಂಪನಿ ಕೌಫ್‌ಲ್ಯಾಂಡ್ ಜಾಗ ಕೊಂಡು, ಜನರನ್ನು ನೇಮಿಸಿಕೊಂಡು, ಒಂದೇ ಒಂದು ಅಂಗಡಿ ತೆರೆಯುವ ಮುಂಚೆಯೇ 2020ರ ಜನವರಿಯಲ್ಲಿ ಗಂಟು ಮೂಟೆ ಕಟ್ಟಿತು.

ಸಸ್ತಾ ಅಂದರೆ ಎಲ್ಲರಿಗೂ ಒಳ್ಳೆಯದು ಅಂತಲೂ ಹೇಳಲಾಗದು. 2011ರ ಜನವರಿ 26ರಂದು ಕೋಲ್ಸ್ ತನ್ನ ಹೆಸರಿನ ಹಾಲನ್ನು ಲೀಟರಿಗೆ 1 ಡಾಲರ್ ಮಾಡಿತು, ಉಳಿದವರೂ ಹಿಂದೆ ಬಂದರು. 2019ರವರೆಗೂ ಆ ಬೆಲೆ ಅಲ್ಲಾಡಲಿಲ್ಲ. ಮೇವಿನ ಬೆಲೆ ಏರಿತು, ಬರ ಬಂತು, ಹಾಲು ಮಾತ್ರ 1 ಡಾಲರ್. ಮಂಡ್ಯ, ಹಾಸನದ ಕಡೆ ಮನೆಯಲ್ಲಿ ಹಸು ಇಟ್ಟುಕೊಂಡು ಡೈರಿಗೆ ಹಾಲು ಹಾಕಿ ಬೆಳೆದವರಿಗೆ ಆ ರೈತರ ಸಂಕಟ ಬೇರೆಯವರು ವಿವರಿಸಬೇಕಾಗಿಲ್ಲ.

2025ರ ಮಾರ್ಚ್‌ನಲ್ಲಿ ಎಸಿಸಿಸಿ ಸೂಪರ್‌ಮಾರ್ಕೆಟ್‌ಗಳ ಬಗ್ಗೆ ಕೊಟ್ಟ ವರದಿಯ ಪ್ರಕಾರ ವೂಲ್ವರ್ತ್ಸ್‌ಗೆ ಶೇ. 38, ಕೋಲ್ಸ್‌ಗೆ ಶೇ. 29 ಪಾಲು ಇದೆ. ಆಲ್ಡಿಗೆ ಶೇ. 9. ಐಜಿಎ ಥರದ, ಮೆಟ್‌ಕ್ಯಾಶ್‌ನಿಂದ ಮಾಲು ತರಿಸುವ ಸ್ವತಂತ್ರ ಅಂಗಡಿಗಳೆಲ್ಲ ಸೇರಿ ಶೇ. 7. ಹೊಸಬರಿಗೆ ಒಳ್ಳೆ ಜಾಗ ಸಿಗುವುದು ಎಷ್ಟು ಕಷ್ಟ ಅನ್ನೋದೂ ಅದರಲ್ಲಿದೆ. ಅದಕ್ಕೆ ಆರು ತಿಂಗಳ ಮುಂಚೆ ಅದೇ ಆಯೋಗ ಇಬ್ಬರ ಮೇಲೂ ಕೋರ್ಟಿಗೆ ಹೋಗಿತ್ತು. ಬೆಲೆಯನ್ನು ಮೊದಲು ಏರಿಸಿ, ಸ್ವಲ್ಪ ದಿನ ಬಿಟ್ಟು ಇಳಿಸಿದ ಹಾಗೆ ತೋರಿಸಿ ಬೋರ್ಡು ಹಾಕಿದ್ದಾರೆ ಅನ್ನೋದು ಆರೋಪ. ಇಬ್ಬರೂ ಅದನ್ನು ಕೋರ್ಟಿನಲ್ಲೇ ಎದುರಿಸಲು ಹೊರಟರು.

ನಾನು ಹೊಸದಾಗಿ ಬಂದವರಿಗೆ ಹೇಳುವುದು ಇಷ್ಟೇ. ಸೋನಾ ಮಸೂರಿ, ತೊಗರಿಬೇಳೆ, ಹುಣಸೆಹಣ್ಣು ನಮ್ಮವರ ಅಂಗಡಿಯಲ್ಲೇ ಕೊಳ್ಳಿ, ಮೆಲ್ಬರ್ನ್‌ನ ಟಾರ್ನೀಟ್‌ನಲ್ಲೋ ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲೋ ಅಂಗಡಿಗಳ ನಡುವೆ ಸ್ಪರ್ಧೆ ಚೆನ್ನಾಗಿದೆ. ಆಲ್ಡಿ ಹತ್ತಿರ ಇದ್ದರೆ ಹಾಲು, ಮೊಸರು, ಎಣ್ಣೆ ಅಲ್ಲಿ. ದೊಡ್ಡ ಅಂಗಡಿಯಲ್ಲಿ ಹಳದಿ ಕೆಂಪು ಬೋರ್ಡು ನೋಡಬೇಡಿ, ಬೆಲೆ ಚೀಟಿಯ ಮೂಲೆಯಲ್ಲಿ 100 ಗ್ರಾಂಗೆ ಎಷ್ಟು ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಅದನ್ನು ನೋಡಿ. 4 ಸೆಂಟ್ ಕೂಪನ್ ಆಸೆಗೆ ದೂರದ ಬಂಕಿಗೆ ಹೋಗಬೇಡಿ. ಒಂದೇ ದಿನ ಅಕ್ಕಪಕ್ಕದ ಬಂಕುಗಳ ನಡುವೆ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇರುತ್ತದೆ, ಫೋನಿನಲ್ಲಿ ಬೆಲೆ ನೋಡಿ ಹೊರಡಿ. ಪರ್ತ್‌ನಲ್ಲಿ ಇದ್ದರೆ ಇನ್ನೂ ಸುಲಭ, ಅಲ್ಲಿ ಸರ್ಕಾರದ ಫ್ಯೂಯೆಲ್‌ವಾಚ್‌ನಲ್ಲಿ ನಾಳೆಯ ಬೆಲೆ ಇವತ್ತೇ ಗೊತ್ತಾಗುತ್ತದೆ, ಬಂಕಿನವರು ಅದನ್ನು 24 ಗಂಟೆ ಬದಲಾಯಿಸುವ ಹಾಗಿಲ್ಲ.

ಟಾಸ್ಮೇನಿಯಾದಲ್ಲಿ ಇರುವವರಿಗೆ ಮಾತ್ರ ನನ್ನ ಹತ್ತಿರ ಒಳ್ಳೆ ಸಲಹೆ ಇಲ್ಲ. ಅಲ್ಲಿ ಆಲ್ಡಿಯೂ ಇಲ್ಲ, ಸಗಟು ಲೆಕ್ಕದಲ್ಲಿ ಮಾರುವ ಅಮೆರಿಕದ ಕಾಸ್ಟ್‌ಕೋವೂ ಇಲ್ಲ. ಹೋಬಾರ್ಟ್ ಅಥವಾ ಲಾನ್ಸೆಸ್ಟನ್‌ನಲ್ಲಿರುವ ಕನ್ನಡದವರು ತಿಂಗಳ ದಿನಸಿ ಹೇಗೆ ಸರಿದೂಗಿಸುತ್ತೀರಿ, ಯಾವ ಅಂಗಡಿ ಆಸರೆ ಆಗಿದೆ ಅಂತ ನನಗೆ ಬರೆದು ತಿಳಿಸಿ.